ಭೂಮಿಗೆ ಇಟ್ಟ ಬೆಲ್ಲ

ಸೃಷ್ಟಿ, ಓಂಕಾರ, ನಿಮ್ಮ ಆಯಿ ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿದ್ದುಕೊಂಡು ಅಜ್ಜಿ ಮೊಮ್ಮಕ್ಕಳಿಗೆ ಬರೆಯುವುದೇನು ಎಂದು ನೀವು ನಗಬಹುದು. ನಗಿರಿ. ಎದುರಿಗೆ ಕೂತು ಹೇಳಲು ಹೋದರೆ ಸೃಷ್ಟಿ ನಡುವೆ ಬಾಯಿ ಹಾಕುತ್ತಾಳೆ, ಓಂಕಾರ ಮಾತನ್ನೆಲ್ಲ ಇರುವೆಗಳ ಕಡೆಗೆ ಎಳೆಯುತ್ತಾನೆ, ನಾನು ಹೇಳಬೇಕೆಂದದ್ದು ಗಂಟಲಲ್ಲೇ ಉಳಿಯುತ್ತದೆ. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಸಂಕೋಚ. ಕಾಗದದ ಮುಂದೆ ಅಷ್ಟಿಲ್ಲ.

ಇಂದು ಬೆಳಿಗ್ಗೆ ಒಗೆಯಲೆಂದು ನನ್ನ ಕೈಚೀಲವನ್ನು ಝಾಡಿಸಿದರೆ ಅದರೊಳಗಿಂದ ಒಂದು ಬಿಳಿ ಕೈಗವಸು ಬಿತ್ತು. ಒಂದೇ ಒಂದು, ಬಲಗೈಯದು. ಕೊಲ್ಹಾಪುರದಲ್ಲಿ ಅನುಜಾ ಕೊಟ್ಟದ್ದು. ತಿರುಗಿ ಕೊಡುವುದನ್ನು ಮರೆತು ತಂದುಬಿಟ್ಟಿದ್ದೇನೆ. ಅದನ್ನು ಒಗೆದು ತಂತಿಗೆ ಹಾಕಿದೆ. ಗಾಳಿ ಬಂದಾಗ ಬೆರಳುಗಳನ್ನು ಆಡಿಸುತ್ತ ಯಾರನ್ನೋ ಕರೆಯುವ ಹಾಗೆ ಕಾಣುತ್ತದೆ. ಮಗ್ಗುಲ ಮನೆಯ ಶಾಂತಕ್ಕ ಅದನ್ನು ನೋಡಿ, "ಏನ್ರಿ ಅಕ್ಕಾರ, ಈ ವಯಸ್ಸಿನಾಗ ಡಾಕ್ಟರಕಿ ಸುರು ಮಾಡೀರೇನು?" ಎಂದು ಕೇಳಿದಳು. ನಾನು ನಕ್ಕು ಒಳಗೆ ಬಂದೆ. ಅವಳಿಗೆ ಉತ್ತರ ಹೇಳಬೇಕೆಂದರೆ ಬೆಲ್ಲದಿಂದ ಶುರು ಮಾಡಬೇಕು, ಬೆಲ್ಲದ ಕಥೆ ಓಣಿಗೆಲ್ಲ ಹಬ್ಬುವುದು ನನಗೆ ಬೇಡ.

ಆದರೂ ಹಬ್ಬಿದೆ. ಸೃಷ್ಟಿಯ ದಯೆ. "ನಮ್ಮ ಆಯಿ ಮ್ಯೂಸಿಯಮ್ಮಿನಾಗ ಪೂಜಾ ಮಾಡಿ ಇರಿವಿ ದಂಡು ಕರಕೊಂಡು ಬಂದ್ಲು" ಎಂದು ಶಾಲೆಯಲ್ಲೆಲ್ಲ ಹೇಳಿದ್ದಾಳಂತೆ. ಓಂಕಾರ ಆ ದಿನ ಗದ್ದಕಟ್ಟು ಆಗಿ ಗಲ್ಲ ಊದಿ, ಕೊರಳಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಉಳಿದಿದ್ದ. ಅವನಿಗೆ ಅಕ್ಕ ಹೇಳಿದಷ್ಟೇ ಗೊತ್ತು, ಅಕ್ಕನ ಕಥೆಯಲ್ಲಿ ಇರುವೆಗಳು ದಿನದಿಂದ ದಿನಕ್ಕೆ ದೊಡ್ಡವಾಗುತ್ತಿವೆ. ಅದಕ್ಕೇ ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ನೀವಿಬ್ಬರೂ ಮರಾಠಿ ಶಾಲೆಗೆ ಹೋಗುವವರು. ನಾನು ಕಲಿಸಿದ ಕನ್ನಡವನ್ನು ತುಟಿ ಅಲ್ಲಾಡಿಸುತ್ತ, ಬೆರಳಿಟ್ಟು ಓದುತ್ತೀರಿ. ಅವಸರವಿಲ್ಲ, ನಿಧಾನ ಓದಿರಿ.

ಕೊಲ್ಹಾಪುರದಲ್ಲಿ ಒಂದು ಸಣ್ಣ ವಿಜ್ಞಾನ ವಸ್ತುಸಂಗ್ರಹಾಲಯವಿದೆ. ಮುಂದಿನ ಹಾಲಿನಲ್ಲಿ ಗಾಜಿನ ಪೆಟ್ಟಿಗೆಗಳು, ಗುಂಡಿ ಒತ್ತಿದರೆ ಉರಿಯುವ ದೀಪಗಳು. ನಿಮ್ಮ ಅಪ್ಪನನ್ನು ಸಣ್ಣವನಿದ್ದಾಗ ಅಲ್ಲಿಗೆ ಕರೆದೊಯ್ದಿದ್ದೆವು. ಆಗ ಹಾಲಿನ ಹಿಂದೆ ಒಂದು ಮುಚ್ಚಿದ ಬಾಗಿಲನ್ನು ನೋಡಿದ ನೆನಪಿದೆ. ಸಂಗ್ರಹಾಲಯದ ಹತ್ತರಲ್ಲಿ ಒಂದು ಪಾಲು ಮಾತ್ರ ಹೊರಗಿರುತ್ತದೆ, ಉಳಿದದ್ದೆಲ್ಲ ಆ ಬಾಗಿಲಿನ ಹಿಂದಿನ ಉಗ್ರಾಣದಲ್ಲಿ ಇರುತ್ತದೆ ಎಂದು ನನಗೆ ಈಗ ತಿಳಿಯಿತು. ಜನರಿಗೆ ಅದನ್ನು ಎಂದೂ ತೋರಿಸಿರಲಿಲ್ಲ. ಈ ಸಲ ಒಂದು ರವಿವಾರ ತೋರಿಸುತ್ತಾರೆಂದು ಸೃಷ್ಟಿಯ ಶಾಲೆಯಲ್ಲಿ ಹೇಳಿದರು. ನಿಮ್ಮ ಅಪ್ಪನಿಗೆ ಪಾಳಿ, ಅವ್ವನಿಗೆ ಓಂಕಾರನ ಆರೈಕೆ. ಉಳಿದವಳು ನಾನು.

ಹೊರಡುವ ಮುಂಚೆ ನಾನು ಡಬ್ಬಿ ತೆಗೆದು ಬೆಲ್ಲದ ಒಂದು ತುಂಡನ್ನು ಕಾಗದದಲ್ಲಿ ಕಟ್ಟುತ್ತಿದ್ದೆ. ಗಡಹಿಂಗ್ಲಜದ ಹತ್ತಿರದ ನನ್ನ ತವರಿನಲ್ಲಿ ತಮ್ಮನ ಕಬ್ಬಿನ ಗಾಣ ಇನ್ನೂ ನಡೆಯುತ್ತದೆ. ಅವನು ಕಳಿಸಿದ ಹೊಸ ಬೆಲ್ಲ. ನಿಮ್ಮ ಅವ್ವ ನೋಡಿದಳು.

"ಅತ್ತಿ, ಬೆಲ್ಲ ಯಾಕ್ರಿ?"

"ಮೊದಲನೇ ಸಲ ಒಬ್ಬರ ಮನಿ ಒಳಗ ಹೊಂಟೇವಿ. ಬರಿಗೈಲೆ ಹ್ಯಾಂಗ ಹೋಗೂದವಾ?"

"ಅಯ್ಯ, ಅದು ಮನಿ ಅಲ್ರೀ, ಮ್ಯೂಸಿಯಮ್."

"ಪಡಸಾಲಿ ತೋರಿಸಿದ್ರ ಮ್ಯೂಸಿಯಮ್. ಒಳಗಿನ ಖೋಲಿ ತೋರಿಸಾಕತ್ತಾರಂದ್ರ ಮನಿನ ಆತಲ್ಲ."

ನಿಮ್ಮ ಅವ್ವ ಓಂಕಾರನ ಕಡೆ ನೋಡಿ ಕಣ್ಣು ಹೊಡೆದಳು. ನನಗೆ ಕಾಣಲಿಲ್ಲ ಎಂದುಕೊಂಡಿರಬೇಕು. ಯಾರಾದರೂ ನಮ್ಮನ್ನು ಮೊದಲ ಸಲ ಅಡುಗೆಮನೆಯ ಒಳಗೆ ಕರೆದರೆ ಅವರ ಕೈಗೆ ಏನಾದರೂ ಸಿಹಿ ಇಡದೆ ನಾವು ಹೊಸ್ತಿಲು ದಾಟಿದವರಲ್ಲ. ನನ್ನ ಅವ್ವ ಹಾಗೆ, ಅವಳ ಅವ್ವ ಹಾಗೆ. ಆದ್ದರಿಂದ ನಾನು ಕಟ್ಟಿದ್ದನ್ನು ಬಿಚ್ಚಲಿಲ್ಲ.

ಅಲ್ಲಿ ಬಾಗಿಲಲ್ಲಿ ನಿಂತಿದ್ದವಳೇ ಅನುಜಾ. ಉಗ್ರಾಣ ನೋಡಿಕೊಳ್ಳುವವಳು. ಕೂದಲನ್ನು ಪೆನ್ನಿನಿಂದ ಮುಡಿ ಕಟ್ಟಿಕೊಂಡ ಹುಡುಗಿ, ಹೊಸದಾಗಿ ಮದುವೆಯಾದ ನನ್ನ ತಮ್ಮನ ಮಗಳಷ್ಟೇ ವಯಸ್ಸು. ಅವಳ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಒಬ್ಬ ಕಾವಲುಗಾರ. ಅವರ ಮೀಸೆಯೇ ಅರ್ಧ ಕಾವಲು ಕಾಯುವ ಹಾಗಿತ್ತು. ಹತ್ತು ಹನ್ನೆರಡು ಜನರ ನಮ್ಮ ಗುಂಪಿಗೆ ಅನುಜಾ ಮರಾಠಿಯಲ್ಲಿ ಕಟ್ಟಳೆಗಳನ್ನು ಹೇಳಿದಳು. ಚೀಲಗಳನ್ನು ಹೊರಗೆ ಇಡಬೇಕು. ಯಾವುದನ್ನೂ ಮುಟ್ಟಬಾರದು. ನೀರು, ತಿಂಡಿ ಒಳಗೆ ಒಯ್ಯಲೇಬಾರದು, ಒಳಗೆ ಹುಳ ಸೇರಿದರೆ ಎಲ್ಲ ಹಾಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಈ ಬಾಗಿಲು ತೆರೆಯಲು ಮೇಲಿನವರಿಗೆ ಮನಸ್ಸಿರಲಿಲ್ಲ. ಜನ ಬಂದರೆ ಕೆಡಿಸುತ್ತಾರೆ ಎಂಬುದು ಅವರ ಹೆದರಿಕೆ. ತಾನೇ ಬೆನ್ನು ಹತ್ತಿ ಅವರನ್ನು ಒಪ್ಪಿಸಿದ್ದಂತೆ. ಇವತ್ತು ಒಂದು ವಸ್ತುವಿಗೆ ಹಾನಿಯಾದರೂ ಸಾಕು, ಇದು ಮತ್ತೆ ತೆರೆಯುವುದಿಲ್ಲ.

ಇದನ್ನು ಹೇಳುವಾಗ ಅವಳು ನಕ್ಕಳು. ಆದರೆ ಕೈಯಲ್ಲಿನ ಕೀಲಿಗೊಂಚಲನ್ನು ಗಟ್ಟಿಯಾಗಿ ಹಿಡಿದಿದ್ದಳು.

ನಾನು ಚೀಲವನ್ನು ಹೊರಗೆ ಕೊಟ್ಟೆ. ಬೆಲ್ಲ ಮಾತ್ರ ನನ್ನ ಸೆರಗಿನ ಗಂಟಿನಲ್ಲಿತ್ತು. ಅವಳ ಕೈಗೆ ಕೊಡಬೇಕೆಂದು ಬಸ್ಸಿಳಿದ ಕೂಡಲೇ ತೆಗೆದು ಕಟ್ಟಿಕೊಂಡಿದ್ದೆ. ಅಷ್ಟು ಜನರ ಎದುರಿಗೆ ಮುಂದೆ ಹೋಗಿ "ತಗೋವಾ" ಅನ್ನಲು ನಾಚಿಕೆಯಾಯಿತು. ಹೊರಗೆ ಬರುವಾಗ ಕೊಟ್ಟರಾಯಿತು ಅಂದುಕೊಂಡೆ. ತಿಂಡಿ ಒಯ್ಯಬಾರದು ಎಂದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಬಿದ್ದಿತ್ತು. ಆದರೆ ತಿಂಡಿಯೆಂದರೆ ಚಿವಡಾ, ಬಿಸ್ಕೀಟು. ಒಬ್ಬರಿಗೆಂದು ಕಟ್ಟಿದ ಬೆಲ್ಲವನ್ನು ತಿಂಡಿಯೆಂದು ನನ್ನ ತಲೆ ಎಣಿಸಲೇ ಇಲ್ಲ.

ಶಟರ್ ಮೇಲಕ್ಕೆ ಹೋಯಿತು. ಮೊದಲು ಬಂದದ್ದು ವಾಸನೆ. ನುಸಿ ಬಾರದಂತೆ ಇಡುವ ಡಾಂಬರಗುಳಿಗೆಯ ವಾಸನೆ, ಹಳೆಯ ಕಟ್ಟಿಗೆ, ಹಿತ್ತಾಳೆ. ಮಕ್ಕಳೇ, ಅದು ನನ್ನ ಟ್ರಂಕಿನ ವಾಸನೆ! ಕಣ್ಣು ಮುಚ್ಚಿಕೊಂಡಿದ್ದರೆ ಮನೆಗೆ ಬಂದೆನೆಂದೇ ತಿಳಿಯುತ್ತಿದ್ದೆ.

ಕಣ್ಣು ತೆರೆದರೆ ಛಾವಣಿಯವರೆಗೆ ಕಬ್ಬಿಣದ ರ‍್ಯಾಕುಗಳು, ಸಾಲು ಸಾಲು. ಬಟ್ಟೆಯ ಕುಲಾಯಿ ಹಾಕಿಕೊಂಡು ಕುಳಿತ ಸೂಕ್ಷ್ಮದರ್ಶಕಗಳು. ಅಕ್ಕಸಾಲಿಗರದಕ್ಕಿಂತ ಸಣ್ಣ ತಕ್ಕಡಿಗಳು, ಅವುಗಳ ತೂಕದ ಬಟ್ಟುಗಳು ಎಳ್ಳಿನಷ್ಟು. ಮೊರದಷ್ಟು ದೊಡ್ಡದಾದ ಒಂದು ಕಿವಿ, ಪ್ಲಾಸ್ಟರಿನದು. ತೆಂಗಿನಕಾಯಿಯ ಹಾಗೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಒಂದು ಕಣ್ಣು. ಮಳೆ ಅಳೆಯುವ ಡಬ್ಬಿ. ಗಾಜಿನ ಭರಣಿಗಳಲ್ಲಿ ಬಗೆಬಗೆಯ ಬೀಜ. ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ಚೀಟಿ, ದವಾಖಾನೆಯಲ್ಲಿ ಕೂಸಿನ ಕೈಗೆ ಕಟ್ಟುತ್ತಾರಲ್ಲ, ಹಾಗೆ.

ನನಗೆ ಹೆಚ್ಚು ಹಿಡಿಸಿದ್ದು ಅವುಗಳನ್ನು ಇಟ್ಟ ರೀತಿ. ಒಂದು ಸತ್ತ ಗೂಬೆಗೂ ತಲೆಯ ಕೆಳಗೆ ಹತ್ತಿಯ ಸಣ್ಣ ದಿಂಬಿತ್ತು. ಯಾರೂ ನೋಡದ ಕೋಣೆಯಲ್ಲಿ, ಯಾರೂ ಶಹಬ್ಬಾಸ್ ಅನ್ನದ ಕೆಲಸ. ಅನುಜಾ ಒಂದೊಂದು ವಸ್ತುವನ್ನೂ ಕುಂಚದಿಂದ ಧೂಳು ತೆಗೆದು, ಕಟ್ಟಿ, ಹೆಸರು ಬರೆದು ಇಟ್ಟಿದ್ದಳು. ನಾವು ಒಳಗೆ ಬಂದು ಬೆರಗಾಗಿ ನಿಂತಾಗ ಅವಳ ಮುಖದಲ್ಲಿ ಬಂದ ಬೆಳಕು, ಬಾಣಂತಿಯ ಕೋಣೆಗೆ ಮೊದಲ ಸಲ ನೆಂಟರು ಬಂದಾಗಿನದು.

ಈಗ ಟ್ರಂಕಿನ ಮಾತು ಬಂತಲ್ಲ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ನನ್ನ ಟ್ರಂಕಿನಲ್ಲಿ ಆರು ಚೀನಿ ಮಣ್ಣಿನ ಕಪ್ಪುಗಳಿವೆ, ನೀಲಿ ಹೂವಿನವು. ನನ್ನ ಮದುವೆಗೆ ಸೋದರಮಾವ ಕೊಟ್ಟದ್ದು. ಅವುಗಳನ್ನು ದೊಡ್ಡ ಪಾವಣ್ಯಾರು, ದೊಡ್ಡ ನೆಂಟರು, ಬಂದಾಗ ತೆಗೆಯಬೇಕೆಂದು ಹಳೆಯ ಸೀರೆಯಲ್ಲಿ ಸುತ್ತಿಟ್ಟೆ. ಪಾವಣ್ಯಾರೇನೋ ಬರುತ್ತಲೇ ಇದ್ದರು. ಆದರೆ ಒಬ್ಬರು ನಮ್ಮವರೇ, ಅವರಿಗೇಕೆ ಕಪ್ಪು? ಇನ್ನೊಬ್ಬರ ಜೊತೆ ಚಿಕ್ಕ ಮಕ್ಕಳು, ಒಡೆದಾವು. ಮತ್ತೊಬ್ಬರು ಅಷ್ಟೇನೂ ದೊಡ್ಡವರಲ್ಲ. ಇಲ್ಲೇ ಇಚಲಕರಂಜಿಯ ಶಹಾಪುರದ ಮಗ್ಗದ ಶೆಡ್ಡಿನಿಂದ ಪಾಳಿ ಮುಗಿಸಿ, ಮೈಮೇಲೆಲ್ಲ ಹತ್ತಿಯ ನವಿರು ಅಂಟಿಸಿಕೊಂಡು ಬರುತ್ತಿದ್ದ ನಿಮ್ಮ ಅಜ್ಜ ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುತ್ತ ಚೇಷ್ಟೆ ಮಾಡುತ್ತಿದ್ದರು: "ನಿನ್ನ ಕಪ್ಪಿನ್ಯಾಗ ಚಾ ಕುಡಿಯೂ ಪಾವಣ್ಯಾ ಇನ್ನೂ ಹುಟ್ಟಿಲ್ಲ ಬಿಡು."

ಅವರಿಗೇ ಒಂದು ಸಲ ಅದರಲ್ಲಿ ಚಹಾ ಕೊಡಬಹುದಿತ್ತು. ಹೊಳೆಯಲಿಲ್ಲ. ಈಗ ಹೊಳೆದು ಏನು ಮಾಡುವುದು. ಮುಂದೆ ಬರೆಯುತ್ತೇನೆ.

ಗುಂಪು ಒಂದು ರ‍್ಯಾಕಿನ ಮುಂದೆ ನಿಂತಿತು. ಅನುಜಾ ಏನನ್ನೋ ತಿರುಗಿಸಿ ತೋರಿಸುತ್ತಿದ್ದಳು. ನಾನು ಎಂದಿನ ಹಾಗೆ ಎಲ್ಲರ ಹಿಂದೆ. ಮುಂದಿನವರ ಬೆನ್ನುಗಳು ಮಾತ್ರ ಕಾಣುತ್ತಿದ್ದವು, ಕಿರ್ರ್ ಎಂಬ ಸಪ್ಪಳ ಕೇಳುತ್ತಿತ್ತು, ಎಲ್ಲರೂ "ವಾ!" ಅಂದರು. ಸರಿಯಿರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರು ಮುಂದಿನ ಚಿಟ್ಟೆಗಳ ಕಪಾಟಿಗೆ ಹೋದ ಮೇಲೆ ನಾನು ಹತ್ತಿರ ಹೋದೆ. ಸಪ್ಪಳ ನಿಂತಿತ್ತು. ಎದುರಿಗೆ ಇದ್ದದ್ದನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ.

ಕಪ್ಪು ಕಟ್ಟಿಗೆಯ ಪೀಠ. ಅದರ ಮೇಲೆ ಹಿತ್ತಾಳೆಯ ಹಲ್ಲುಗಾಲಿಗಳು, ಒಂದು ಹಿಡಿಕೆ. ನಡುವೆ ಮೋಸಂಬಿಯಷ್ಟು ದೊಡ್ಡ ಹಿತ್ತಾಳೆಯ ಸೂರ್ಯ. ಉದ್ದ ತೋಳಿನ ತುದಿಯಲ್ಲಿ ನಿಂಬೆಹಣ್ಣಿನಷ್ಟು ಭೂಮಿ, ಅದರ ಮಗ್ಗುಲಿಗೆ ತಂತಿಯ ಮೇಲೆ ಮಣಿಯಂಥ ಚಂದ್ರ.

ಇಂಥದೇ ಒಂದು ನಮ್ಮ ಊರಿನ ಶಾಲೆಯಲ್ಲಿತ್ತು. ನಮ್ಮದು ಎರಡು ಕೋಣೆಗಳ ಕನ್ನಡ ಶಾಲೆ, ಸೆಗಣಿ ಸಾರಿಸಿದ ನೆಲ. ಗೋಡೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು. ಅದಕ್ಕೆ ವಿಜ್ಞಾನದ ಕಪಾಟು ಎಂದು ಹೆಸರು. ಅದರ ಬೀಗದ ಕೈ ಹಿರಿಯ ಮಾಸ್ತರರ ಜನಿವಾರದಲ್ಲಿ ಇರುತ್ತಿತ್ತು. ಹುಡುಗರು ಮುಟ್ಟಿದರೆ ಮುರಿಯುತ್ತಾರೆ, ಮುರಿದರೆ ಸರಕಾರಕ್ಕೆ ಉತ್ತರ ಕೊಡಬೇಕು ಎಂದು ಅವರು ಅದನ್ನು ತೆಗೆಯುತ್ತಲೇ ಇರಲಿಲ್ಲ. ಪಾಠದಲ್ಲಿ "ಭೂಮಿ ಸೂರ್ಯನ ಸುತ್ತ ತಿರುಗುತ್ತದೆ" ಎಂದು ಬಂದಾಗ, ಗಾಜಿನ ಆಚೆ ಧೂಳು ಹಿಡಿದು ಅಲ್ಲಾಡದೆ ನಿಂತ ಭೂಮಿಯ ಕಡೆಗೆ ಬೆತ್ತ ತೋರಿಸಿ, "ಹಾಂಗ ತಿರಗತೈತಿ ನೋಡ್ರಿ" ಅನ್ನುತ್ತಿದ್ದರು. ನಾವು "ಹೌದ್ರಿ" ಅನ್ನುತ್ತಿದ್ದೆವು.

ಒಮ್ಮೆ ತಪಾಸಣೆಗೆ ಸಾಹೇಬರು ಬಂದರು. ಅಂದು ಕಪಾಟು ತೆರೆಯಿತು. ನಾವೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಸಾಹೇಬರು, "ಇದು ನಡಿತೈತೇನ್ರಿ ಮಾಸ್ತರ?" ಎಂದು ಕೇಳಿದರು. "ಭಾಳ ಚಲೋ ನಡಿತೈತ್ರಿ ಸಾಹೇಬ್ರ" ಎಂದು ಮಾಸ್ತರರು ಹೇಳಿ, ಅದನ್ನು ಧೋತರದ ಚುಂಗಿನಿಂದ ಒರಸಿ, ಮತ್ತೆ ಒಳಗಿಟ್ಟು ಬೀಗ ಹಾಕಿದರು. ಅಷ್ಟೇ. ಸಾಹೇಬರು ಚಹಾ ಕುಡಿದು ಹೋದರು.

ಆದರೆ ವರ್ಷಕ್ಕೊಮ್ಮೆ ಖಂಡೇನವಮಿಯ ದಿನ ಆ ಕಪಾಟಿಗೆ ಪೂಜೆ ತಪ್ಪುತ್ತಿರಲಿಲ್ಲ. ಒಕ್ಕಲಿಗರು ನೇಗಿಲಿಗೆ ಮಾಡುವ ಹಾಗೆ, ಇಲ್ಲಿ ನಾವು ಮಗ್ಗಕ್ಕೆ ಮಾಡುವ ಹಾಗೆ. ಮುಚ್ಚಿದ ಬಾಗಿಲಿಗೇ ವಿಭೂತಿ, ಚೆಂಡುಹೂವು. ನೈವೇದ್ಯದ ಬೆಲ್ಲ ತರುವುದು ಗಾಣದ ಮನೆಯ ಹುಡುಗಿಯೆಂದು ನನ್ನ ಪಾಲಿಗೆ ಬರುತ್ತಿತ್ತು. ನಾನು ಕಪಾಟಿನ ಮುಂದೆ ಬೆಲ್ಲ ಇಟ್ಟು, ಕೈ ಮುಗಿದು, ಗಾಜಿಗೆ ಮೂಗು ತಾಗಿಸಿ ಒಳಗೆ ನೋಡುತ್ತಿದ್ದೆ. ಈ ಭೂಮಿ ಒಂದು ಸಲ ತಿರುಗುವುದನ್ನು ನೋಡಬೇಕು, ಅಷ್ಟೇ ನನ್ನ ಬೇಡಿಕೆ. ಏಳನೆಯ ಇಯತ್ತೆ ಮುಗಿಯಿತು, ಶಾಲೆ ಬಿಟ್ಟೆ, ಮದುವೆಯಾಗಿ ಇಚಲಕರಂಜಿಗೆ ಬಂದೆ. ಅದು ತಿರುಗಲಿಲ್ಲ.

ಇದು ಅದೇ ಯಂತ್ರವೆಂದು ನಾನು ಹೇಳುವುದಿಲ್ಲ. ನಮ್ಮದರ ಪೀಠ ಹಸಿರು ಇತ್ತು. ಆದರೆ ನನ್ನ ಕೈಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಸೆರಗಿನ ಗಂಟು ಬಿಚ್ಚಿತು, ಕಾಗದ ಬಿಡಿಸಿತು, ಬೆಲ್ಲವನ್ನು ಭೂಮಿಯ ಮುಂದೆ ಇಟ್ಟಿತು. ನಾನು ಕೈ ಮುಗಿದೆ. "ಆಯಿ, ಬಾ ಲಗೂನ, ಚಿಟ್ಟಿ ನೋಡು!" ಎಂದು ಸೃಷ್ಟಿ ಕರೆದಳು. ಹೋದೆ. ಚಿಟ್ಟೆಗಳನ್ನು ನೋಡಿ ನನಗೆ ಬೇರೇನೂ ನೆನಪಾಗದೆ ಹೋಯಿತು. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಹಿಡಿದವಂತೆ; ರೆಕ್ಕೆಯ ಮೇಲಿನ ಬಣ್ಣದ ಪುಡಿ ಹಾಗೇ ಇತ್ತು. ಅನುಜಾ ಒಂದೊಂದೇ ಸೆಳೆಖಾನೆಯನ್ನು ಎಳೆದು ತೋರಿಸಿ, ಕೂಸು ಮಲಗಿದ ಕೋಣೆಯ ಬಾಗಿಲನ್ನು ಮುಚ್ಚುವಂತೆ ಮೆಲ್ಲಗೆ ಒಳಗೆ ದಬ್ಬುತ್ತಿದ್ದಳು.

ತಿರುಗಿ ಮನೆಗೆ ಹೊರಟೆವು; ಬಸ್ಸು ಊರು ಬಿಟ್ಟು ಶಿರೋಲಿಯ ಹತ್ತಿರ ಬಂದಾಗ ಸೃಷ್ಟಿ ಕೇಳಿದಳು: "ಆಯಿ, ಅನುಜಾ ಅಕ್ಕಾಗ ಬೆಲ್ಲ ಕೊಟ್ಟಿ?"

"ಇಲ್ಲವಾ. ಭೂಮಿ ಮುಂದ ಇಟ್ಟೆ."

"ಯಾವ ಭೂಮಿ?"

"ಅಲ್ಲೇ, ಸೂರ್ಯ-ಚಂದ್ರ ಇದ್ದವಲ್ಲ..."

ಅವಳು ನನ್ನ ಕೈ ಹಿಡಿದು ಜಗ್ಗಿದಳು. "ಆಯಿ! ಇಟ್ಟಲ್ಲೇ ಬಿಟ್ಟ್ ಬಂದಿ? ಇರಿವಿ ಬರ್ತಾವು! ಮಗ್ಗಲದಾಗ ಚಿಟ್ಟಿ ಅದಾವು, ಎಲ್ಲಾ ತಿಂತಾವು!"

ಆಗ ನನ್ನ ತಲೆ ಎಚ್ಚರಾಯಿತು. ಹುಳ ಸೇರಿದರೆ ಎಲ್ಲ ಹಾಳು. ಒಂದಕ್ಕೆ ಹಾನಿಯಾದರೂ ಬಾಗಿಲು ಮತ್ತೆ ತೆರೆಯುವುದಿಲ್ಲ. ಆ ಹುಡುಗಿ ಕೀಲಿ ಹಿಡಿದ ಕೈ ಕಣ್ಣ ಮುಂದೆ ಬಂತು. ನಾನು ಎದ್ದು ನಿಂತು, ಇಡೀ ಬಸ್ಸು ತಿರುಗಿ ನೋಡುವ ಹಾಗೆ, "ಗಾಡಿ ನಿಲ್ಲಸ್ರಿ!" ಎಂದು ಕೂಗಿದೆ. ಸೃಷ್ಟಿ ಇದನ್ನು ಮಾತ್ರ ತನ್ನ ಕಥೆಯಲ್ಲಿ ಹೇಳುವುದಿಲ್ಲ, ಯಾಕೆಂದರೆ ಆಗ ಅವಳು ನಾಚಿ ಸೀಟಿನ ಕೆಳಗೆ ಬಾಗಿದ್ದಳು.

ರಿಕ್ಷಾದಲ್ಲಿ ತಿರುಗಿ ಹೋದೆವು. ಶಟರ್ ಅರ್ಧ ಇಳಿದಿತ್ತು. ನಾನು ಏದುಸಿರು ಬಿಡುತ್ತ ನನ್ನ ಹರಕು ಮರಾಠಿಯಲ್ಲಿ ಹೇಳತೊಡಗಿದರೆ, ಕಾವಲುಗಾರರು, "ಕನ್ನಡದಾಗ ಹೇಳ್ರಿ ಆಯಿ, ನಾನೂ ಗಡಹಿಂಗ್ಲಜ ಕಡ್ಯಾಂವ್ನ" ಅಂದರು. ಹೇಳಿದೆ. ಅವರ ಮೀಸೆ ಮೇಲಕ್ಕೇರಿತು.

"ಏನ್ರಿ ಆಯಿ, ಕೊಲ್ಹಾಪುರದಾಗ ಗುಡಿ ಕಡಿಮಿ ಬಿದ್ದಾವೇನ್ರಿ ನಿಮಗ?"

ಅನುಜಾ ಒಳಗಿಂದ ಬಂದಳು. ಅವಳು ಬಯ್ಯಲಿಲ್ಲ. ಟಾರ್ಚು ತೆಗೆದುಕೊಂಡು ಒಳಗೆ ಓಡಿದಳು. ನಾವು ಅವಳ ಹಿಂದೆ.

ಬಂದಿದ್ದವು. ಸಣ್ಣ ಕೆಂಪಿರುವೆಗಳು. ಓಂಕಾರ, ಸರಿಯಾಗಿ ಓದು: ದಂಡಲ್ಲ, ನೂಲಿನ ಎಳೆಯಂಥ ಒಂದು ಸಾಲು. ರ‍್ಯಾಕಿನ ಕಾಲಿನಿಂದ ಏರಿ, ಸೂರ್ಯನ ಪೀಠವನ್ನು ಬಳಸಿ, ಬೆಲ್ಲಕ್ಕೆ. ಚಿಟ್ಟೆಯ ಕಪಾಟು ಅಲ್ಲಿಂದ ಮೊಳದಷ್ಟು ದೂರ. ನಾನು ಗಡಬಡಿಸಿ ಬೆಲ್ಲ ಎತ್ತಲು ಕೈ ಚಾಚಿದೆ. ಅನುಜಾ ನನ್ನ ಮುಂಗೈ ಹಿಡಿದಳು.

"ಥಾಂಬಾ, ನಿಲ್ಲ್ರಿ ಆಜ್ಜಿ! ತೆಗೀಬ್ಯಾಡ್ರಿ!" ಅವಳ ಕನ್ನಡ ಕುಂಟುತ್ತ ಬಂತು. "ಈಗ ತೆಗದ್ರ ಅವು ದಿಕ್ಕಾಪಾಲ ಆಗ್ತಾವ. ಡ್ರಾವರದಾಗ ಹೋಗ್ತಾವ. ಬೆಲ್ಲ ಇರಲಿ. ಎಲ್ಲಾ ಬೆಲ್ಲಕ್ಕ ಬರಲಿ."

ಅವಳು ಒಂದು ಸ್ಟೀಲ್ ತಾಟು ತಂದು, ಕಾಗದದ ಸಮೇತ ಬೆಲ್ಲವನ್ನು ಅಲುಗಿಸದೆ ಅದರ ಮೇಲೆ ಸರಿಸಿದಳು. ಚಿಟ್ಟೆಯ ಸೆಳೆಖಾನೆಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಟಾರ್ಚಿನ ಬೆಳಕಲ್ಲಿ ನೋಡಿ, ಕಾವಲುಗಾರರ ಕೈಗೆ ಕೊಟ್ಟಳು. ಅವರು ದೂರದ ಮೇಜಿಗೆ ಒಯ್ದಿಟ್ಟರು. ಒಂದರಲ್ಲೂ ಇರುವೆ ಇರಲಿಲ್ಲ. ಕೊನೆಯದನ್ನು ನೋಡಿ ಮುಗಿಸಿದ ಮೇಲೆಯೇ ಅವಳು ಉಸಿರು ಬಿಟ್ಟದ್ದು. ನಾನೂ.

"ಇದನ್ನ ಎಲ್ಲಿ ಕಲ್ತೆವಾ?" ಎಂದು ಕೇಳಿದೆ.

"ನನ್ನ ಆಜ್ಜಿ ಕಡಿಂದ. ಅಕಿನೂ ನಿಮ್ಮ ಕಡ್ಯಾಕಿ, ಕನ್ನಡ ಮಾತಾಡತಿದ್ಲು. ಸಕ್ರಿ ಡಬ್ಬ್ಯಾಗ ಇರಿವಿ ಬಂದ್ರ ಹೀಂಗ ಮಾಡತಿದ್ಲು." ಆಮೇಲೆ ನನ್ನ ಮುಖ ನೋಡಿ, "ಅಕಿ ಆಗಿದ್ರೂ ಬೆಲ್ಲ ತರತಿದ್ಲು" ಅಂದಳು.

ಇರುವೆಗಳಿಗೆ ಅವಸರವಿರಲಿಲ್ಲ. ನಾವು ನಾಲ್ವರೂ ರ‍್ಯಾಕಿನ ಮುಂದೆ ನೆಲದ ಮೇಲೆ ಕುಳಿತು ಅವು ಊಟಕ್ಕೆ ಬರುವುದನ್ನು ಕಾದೆವು. "ಎಷ್ಟ್ ಮಂದಿ ಪಾವಣ್ಯಾರು ನೋಡ್ರಿ ಆಯಿ, ನೀವ ಬಡಸಬೇಕು" ಎಂದರು ಕಾವಲುಗಾರರು. ಸೃಷ್ಟಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಗ ಅನುಜಾ, ಬೆಲ್ಲ ಯಾಕೆ ಅಲ್ಲೇ ಇಟ್ಟಿರೆಂದು ಕೇಳಿದಳು. ನಾನು ಶಾಲೆಯ ಕಪಾಟಿನ ಮಾತು ಹೇಳಿದೆ. ಅಷ್ಟು ಉದ್ದ ಮಾತನ್ನು ನಾನು ಹೊರಗಿನವರ ಮುಂದೆ ಆಡಿದ್ದೇ ಇಲ್ಲ. ಇವತ್ತೂ ಜನರ ಬೆನ್ನ ಹಿಂದೆ ನಿಂತು ತಿರುಗುವುದನ್ನು ನೋಡಲಿಲ್ಲ ಎಂಬುದನ್ನೂ ಹೇಳಿಬಿಟ್ಟೆ.

ಅನುಜಾ ಯಂತ್ರದ ಹತ್ತಿರ ಸರಿದಳು. ಆಮೇಲೆ ತನ್ನ ಬಲಗೈಯ ಗವಸನ್ನು ಕಳಚಿ ನನ್ನ ಕೈಗೆ ತೊಡಿಸಿದಳು. ನನ್ನ ಬೆರಳುಗಳು ದಪ್ಪ. ಅವಳು ಒಂದೊಂದೇ ಬೆರಳನ್ನು ಎಳೆದು ಕೂರಿಸಿದಳು. "ಹಳೂ ಹಳೂ ತಿರಗಸ್ರಿ" ಅಂದಳು.

ಹಿಡಿಕೆ ಹಿಡಿದೆ. ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಎಷ್ಟೋ ವರ್ಷ ನಾನು ಮಗ್ಗದ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತಿದವಳು. ರಾಟೆಯ ಹಿಡಿಕೆಯೂ ಇಷ್ಟೇ ದಪ್ಪವಿತ್ತು. ಕಿರ್ರ್ ಅಂತು. ಹಲ್ಲು ಹಲ್ಲಿಗೆ ಸಿಕ್ಕಿತು. ತೋಳು ಮೆಲ್ಲಗೆ ಸರಿಯಿತು, ಭೂಮಿ ತನ್ನಷ್ಟಕ್ಕೆ ತಾನು ಸುತ್ತುತ್ತ ಸೂರ್ಯನ ಸುತ್ತ ಹೊರಟಿತು. ಚಂದ್ರ ಅದರ ಬೆನ್ನು ಹತ್ತಿತು, ತಾಯಿಯ ಸೆರಗು ಹಿಡಿದ ಕೂಸಿನ ಹಾಗೆ. ಬಣ್ಣ ಮಾಸಿದ ಆ ಭೂಮಿಯ ಮೇಲೆ ನಮ್ಮ ದೇಶವೇ ಉಗುರಿನಷ್ಟು. ಗಡಹಿಂಗ್ಲಜ, ಇಚಲಕರಂಜಿ, ನನ್ನ ಶಾಲೆ, ನಿಮ್ಮ ಅಜ್ಜ ಕೆಲಸ ಮಾಡಿದ ಶೆಡ್ಡು ಎಲ್ಲ ಸೇರಿ ಸಾಸಿವೆಯಷ್ಟೂ ಇಲ್ಲ. ಅದರ ಮೇಲೆ ಒಂದು ಇರುವೆ ದಾರಿ ತಪ್ಪಿ ಏರಿಕೊಂಡಿತ್ತು. ಅದೂ ಸುತ್ತಿತು. ನಾನು ಒಂದು ಸುತ್ತು ಪೂರ್ತಿ ಮಾಡಿ ನಿಲ್ಲಿಸಿದೆ.

"ಇನ್ನೊಮ್ಮಿ ತಿರಗಸು ಆಯಿ" ಎಂದಳು ಸೃಷ್ಟಿ. ತಿರುಗಿಸಿದೆ.

ಸಾಲು ಬರಿದಾದ ಮೇಲೆ ಅನುಜಾ ತಾಟನ್ನು ಎತ್ತಿ, ದಾರಿ ತಪ್ಪಿದ ಇರುವೆಯನ್ನೂ ಕುಂಚದಿಂದ ಅದರೊಳಗೆ ಸೇರಿಸಿ, ಹೊರಗಿನ ಬೇವಿನ ಗಿಡದ ಬುಡಕ್ಕೆ ಒಯ್ದಿಟ್ಟಳು. ಬೀಗ ಹಾಕುವಾಗ ಅವಳ ಮುಖ ಮತ್ತೆ ಬಿಗಿಯಿತು. "ಆಜ್ಜಿ, ಇದನ್ನ ನಾನು ಮ್ಯಾಲಿನವ್ರಿಗೆ ಹೇಳಬೇಕಾಗ್ತದ. ಮುಚ್ಚಿಡಾಕ ಬರೂದಿಲ್ಲ." ನಾನು, "ಹೇಳವಾ, ನನ್ನ ಹೆಸರು ಹೇಳು" ಅಂದೆ. ಅವಳು ಹೆಸರು ಕೇಳಲಿಲ್ಲ, ಸೃಷ್ಟಿಯ ಫೋನಿನ ನಂಬರನ್ನಷ್ಟೇ ಬರೆದುಕೊಂಡಳು.

ಆಮೇಲಿನ ದಿನಗಳಲ್ಲಿ ನನಗೆ ರೊಟ್ಟಿ ಸೇರಲಿಲ್ಲ. ಓಂಕಾರ ಇರುವೆಯ ಆಟ ಆಡುತ್ತಿದ್ದ, ನಿಮ್ಮ ಅಪ್ಪ ನಗುತ್ತಿದ್ದ, ನನ್ನ ತಲೆಯಲ್ಲಿ ಮಾತ್ರ ಆ ಶಟರು ಇಳಿಯುತ್ತಲೇ ಇತ್ತು. ನನಗೊಬ್ಬಳಿಗೆ ಭೂಮಿ ತಿರುಗಿತು, ಉಳಿದ ಎಲ್ಲರಿಗೂ ನಾನೇ ಬಾಗಿಲು ಮುಚ್ಚಿದೆನೇನೋ. ಸೃಷ್ಟಿಯ ಫೋನಿಗೆ ಅನುಜಾಳ ಕರೆ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಕೈ ತೊಳೆಯದೆ ಕಿವಿಗೆ ಹಿಡಿದೆ.

ಅನುಜಾ ಎಲ್ಲವನ್ನೂ ಇದ್ದ ಹಾಗೆ ಹೇಳಿದಳಂತೆ. ಒಬ್ಬರು, ನಾ ಮೊದಲೇ ಹೇಳಿದ್ದೆ ಅಂದರಂತೆ. ಇನ್ನೊಬ್ಬರು ಹಿರಿಯರು ಬಹಳ ಹೊತ್ತು ನಕ್ಕು, ಜನ ಕದಿಯಲು ಬರುತ್ತಾರೆಂದು ನಾವು ಹೆದರಿದ್ದೆವು, ಇವರು ಕೊಡಲು ಬಂದಿದ್ದಾರೆ, ಇದಕ್ಕೆ ಬೀಗ ಯಾಕೆ, ಒಂದು ಮೇಜು ಸಾಕು ಅಂದರ‍ಂತೆ. ಇನ್ನು ಮುಂದೆ ತಿಂಗಳಿಗೊಂದು ರವಿವಾರ ಉಗ್ರಾಣ ತೆರೆದಿರುತ್ತದೆ. ಬಾಗಿಲ ಹೊರಗೆ ಒಂದು ಮೇಜು ಇಟ್ಟಿದ್ದಾರೆ. ಅದರ ಮೇಲೆ ನೀರು ತುಂಬಿದ ತಾಟು, ತಾಟಿನ ನಡುವೆ ಒಂದು ಡಬ್ಬಿ. ಇರುವೆಗೆ ನೀರು ದಾಟಲು ಬರುವುದಿಲ್ಲವಲ್ಲ. ತುಪ್ಪದ ಗಡಿಗೆಯನ್ನು ನಾವೂ ಹಾಗೇ ಇಡುತ್ತಿದ್ದೆವು. ಬಂದವರು ತಂದದ್ದನ್ನು ಅಲ್ಲಿಟ್ಟು ಒಳಗೆ ಹೋಗಬೇಕು. ಮರಾಠಿ ಫಲಕ ಆಗಿದೆ, ಗಡಹಿಂಗ್ಲಜ ಕಡೆಯಿಂದ ಬರುವ ಅಜ್ಜಿಯರಿಗಾಗಿ ಕನ್ನಡದ ಒಂದು ಸಾಲು ನೀವೇ ಬರೆದು ಕೊಡಿರಿ ಎಂದು ಕೇಳಿದಳು.

ಬರೆದಿದ್ದೇನೆ. ದೊಡ್ಡ ಅಕ್ಷರದಲ್ಲಿ: "ನೀವು ತಂದ ಸಿಹಿ ಇಲ್ಲಿ ಇಡಿರಿ. ಒಳಗೆ ಕೈ ಮುಗಿದರೆ ಸಾಕು." ಮುಂದಿನ ರವಿವಾರ ಆ ಸಾಲನ್ನೂ ಕೈಗವಸನ್ನೂ ಒಯ್ದು ಕೊಡಬೇಕು. ಈ ಸಲ ಓಂಕಾರನೂ ಬರಲಿ. ಎಲ್ಲರ ಮುಂದೆ ನಿಲ್ಲಿಸಿಕೊಂಡು ನಾನೇ ತೋರಿಸುತ್ತೇನೆ.

ಫೋನು ಇಟ್ಟ ಮೇಲೆ ನಾನು ಟ್ರಂಕು ತೆಗೆದೆನಲ್ಲ, ಅದು ನಿಮಗೆ ನೆನಪಿರಬೇಕು. ಕಪ್ಪುಗಳನ್ನು ತೊಳೆದು ಎಲ್ಲರಿಗೂ ಅದರಲ್ಲೇ ಚಹಾ ಕೊಟ್ಟೆ. ಒಂದನ್ನು ನಿಮ್ಮ ಅಜ್ಜನ ಫೋಟೋದ ಮುಂದೆ ಇಟ್ಟೆ, ಸಕ್ಕರೆ ಒಂದು ಚಮಚ ಹೆಚ್ಚು ಹಾಕಿ. ಓಂಕಾರ ಮೊದಲ ದಿನವೇ ತನ್ನದರ ಕಿವಿ ಮುರಿದ. ಅತ್ತ. ಯಾಕೋ ಅಳುವುದು? ಇಷ್ಟು ವರ್ಷ ಟ್ರಂಕಿನಲ್ಲಿ ಅದು ಮುರಿಯಲಿಲ್ಲ, ಆದರೆ ಯಾರ ತುಟಿಗೂ ತಾಗಲಿಲ್ಲ. ಆ ಕಿವಿ ಇಲ್ಲದ ಕಪ್ಪಿನಲ್ಲಿ ಈಗ ನಾನು ಚಹಾ ಕುಡಿಯುತ್ತೇನೆ. ಎರಡೂ ಕೈಯಲ್ಲಿ ಹಿಡಿದರೆ ಬೆಚ್ಚಗಿರುತ್ತದೆ.

ಈ ಹಾಳೆಗಳನ್ನು ಜೋಪಾನವಾಗಿ ಇಡಿರಿ, ಮಕ್ಕಳೇ. ಟ್ರಂಕಿನ ತಳದಲ್ಲಿ ಸೀರೆಯಲ್ಲಿ ಸುತ್ತಿ ಬೀಗ ಹಾಕಿ ಇಡಬೇಡಿರಿ. ಕೈಗೆ ಸಿಗುವ ಕಡೆ, ನಿಮ್ಮ ಪಾಠದ ಪುಸ್ತಕಗಳ ಮಗ್ಗುಲಲ್ಲಿ ಇರಲಿ. ಮಳೆಗಾಲ ಮುಗಿದ ಮೇಲೆ ಒಂದು ದಿನ ಬಿಸಿಲು ತೋರಿಸಿರಿ. ಮನಸ್ಸು ಬಂದಾಗ ತೆಗೆದು ಓದಿರಿ, ಮುಂದೆ ನಿಮ್ಮ ಮಕ್ಕಳು ಕೇಳಿದರೆ ಅವರ ಕೈಗೇ ಕೊಟ್ಟುಬಿಡಿರಿ. ಮುಟ್ಟಲು ಗವಸು ಬೇಕಾಗಿಲ್ಲ. ಬೆಲ್ಲ ತಿಂದ ಕೈಯನ್ನು ಮಾತ್ರ ತೊಳೆದುಕೊಳ್ಳಿರಿ.